ಸಿಸೇರಿಯನ್‌ಗೆ ಯಾವ ಅರಿವಳಿಕೆ ಮದ್ದು? ಮೂರು ವಾದಗಳ ಒಂದು ವಿಮರ್ಶೆ

ಸಿಸೇರಿಯನ್ ಆದ ತಾಯಿಗೆ ಏನಾದರೂ ಹೆಚ್ಚುಕಡಿಮೆಯಾದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು "ಅನಸ್ತೇಸಿಯಾ ಜಾಸ್ತಿ ಆಯ್ತಂತೆ" ಎಂಬುದು. ಅರಿವಳಿಕೆಯನ್ನು ಬೆನ್ನಿಗೆ ಕೊಟ್ಟಿದ್ದರೋ ರಕ್ತನಾಳಕ್ಕೆ ಕೊಟ್ಟಿದ್ದರೋ, ಯಾವ ಮದ್ದು, ಎಷ್ಟು, ಆ ಹೊತ್ತಿಗೆ ತಾಯಿಯ ಮೈಯಿಂದ ಎಷ್ಟು ರಕ್ತ ಹೋಗಿತ್ತು ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ವೈದ್ಯಕೀಯ ವಲಯದಲ್ಲಿ ಇದೇ ಗೊಂದಲ ಇನ್ನೊಂದು ರೂಪದಲ್ಲಿದೆ. ಪೂರ್ಣ ಅರಿವಳಿಕೆ ಕೊಡಲೇಬೇಕಾದಾಗ ಥಯೊಪೆಂಟೋನ್ ಮೇಲೋ, ಪ್ರೊಪೊಫಾಲ್ ಮೇಲೋ, ಕೆಟಮಿನ್ ಮೇಲೋ? ಒಂದೊಂದು ಮದ್ದಿಗೂ ಅದನ್ನು ಎತ್ತಿಹಿಡಿಯುವವರು ಇದ್ದಾರೆ. ಈ ಮೂರೂ ವಾದಗಳನ್ನು ಒರೆಗೆ ಹಚ್ಚಿ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಂಥ ತಾಲ್ಲೂಕುಗಳಲ್ಲಿ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೂರ್ಣ ಅರಿವಳಿಕೆ ಯಾರ ಪಾಲಿಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಸಿಸೇರಿಯನ್ ಪಾಲು ನಾಲ್ಕನೆಯ ಸುತ್ತಿನಲ್ಲಿ (2015-16) ಶೇ. 23.6 ಇದ್ದದ್ದು ಐದನೆಯ ಸುತ್ತಿನಲ್ಲಿ (2019-21) ಶೇ. 31.5ಕ್ಕೆ ಏರಿದೆ. ಇವುಗಳಲ್ಲಿ ಬಹುಪಾಲು ಬೆನ್ನಿಗೆ ಸೂಜಿ ಹಾಕಿ, ಸೊಂಟದ ಕೆಳಗೆ ಮರಗಟ್ಟಿಸಿ ಮಾಡುವಂಥವು. ತಾಯಿ ಎಚ್ಚರವಾಗಿರುತ್ತಾಳೆ, ತಾನೇ ಉಸಿರಾಡುತ್ತಾಳೆ, ಮಗುವಿನ ಮೊದಲ ಅಳುವನ್ನು ಕೇಳುತ್ತಾಳೆ. ಮಗುವಿಗೆ ತಲುಪುವ ಮದ್ದು ಅತ್ಯಲ್ಪ. ಆದ್ದರಿಂದ ಬೆನ್ನಿನ ಅರಿವಳಿಕೆಯೇ ಮೊದಲ ಆಯ್ಕೆ ಎಂಬುದರಲ್ಲಿ ತಕರಾರಿಲ್ಲ.

ಉಳಿದವರು ಯಾರು? ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದವರು, ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡವರು, ಫಿಟ್ಸ್ ಬಂದು ಪ್ರಜ್ಞೆ ತಪ್ಪಿದವರು, ಹೊಕ್ಕುಳಬಳ್ಳಿ ಮುಂದೆ ಜಾರಿ ಮಗುವಿಗೆ ನಿಮಿಷಗಳೇ ಉಳಿದಿರುವವರು, ಬೆನ್ನಿಗೆ ಕೊಟ್ಟ ಮದ್ದು ಸರಿಯಾಗಿ ಹತ್ತದವರು. ಅಂದರೆ ಪೂರ್ಣ ಅರಿವಳಿಕೆ ಹೆಚ್ಚಾಗಿ ಒದಗುವುದು ಮೊದಲೇ ಅಪಾಯದಲ್ಲಿರುವ ತಾಯಂದಿರಿಗೆ. ಮುಂದೆ ಬರುವ ಎಲ್ಲ ಅಂಕಿ ಅಂಶಗಳನ್ನು ಓದುವಾಗಲೂ ಈ ಮಾತು ನೆನಪಿನಲ್ಲಿರಬೇಕು.

ಬಸುರಿಯ ದೇಹದಲ್ಲಿ ಆಗುವ ಬದಲಾವಣೆಗಳು

ತುಂಬು ಬಸುರಿಯಲ್ಲಿ ಗರ್ಭಕೋಶ ವಪೆಯನ್ನು ಮೇಲಕ್ಕೆ ಒತ್ತುವುದರಿಂದ, ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಶೇ. 20ರಷ್ಟು ಕಡಿಮೆಯಾಗಿರುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಬಳಕೆ ಶೇ. 20ಕ್ಕಿಂತ ಹೆಚ್ಚಿರುತ್ತದೆ. ತೊಟ್ಟಿ ಚಿಕ್ಕದಾಗಿ ನಲ್ಲಿ ದೊಡ್ಡದಾದಂತೆ. ಮದ್ದು ಕೊಟ್ಟು ಉಸಿರು ನಿಂತ ಮೇಲೆ, ಶ್ವಾಸನಾಳಕ್ಕೆ ನಳಿಕೆ ಹಾಕುವುದು ತಡವಾದರೆ ಆಕೆಯ ರಕ್ತದ ಆಮ್ಲಜನಕ ಬೇರೆಯವರಿಗಿಂತ ಬೇಗ ಇಳಿಯುತ್ತದೆ. ಮದ್ದು ಕೊಡುವ ಮುನ್ನ ಮೂರು ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸುವುದು ಇದಕ್ಕಾಗಿಯೇ.

ಇನ್ನೊಂದು ಅಪಾಯ ಹೊಟ್ಟೆಯದು. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳ ದಾಖಲೆ ಪರಿಶೀಲಿಸಿ, ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳನ್ನು ವರದಿ ಮಾಡಿದರು. ಶ್ವಾಸಕೋಶವನ್ನು ಸುಡುವುದು ಜಠರದ ಆಮ್ಲ ಎಂಬುದನ್ನು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಶಸ್ತ್ರಕ್ರಿಯೆಗೆ ಮುಂಚೆ ಸೋಡಿಯಂ ಸಿಟ್ರೇಟ್ ಕುಡಿಸಿ ಆಮ್ಲವನ್ನು ತಟಸ್ಥಗೊಳಿಸುವ ಕ್ರಮದ ಹಿಂದೆ ಇರುವುದು ಈ ತಿಳಿವಳಿಕೆ. ಪ್ರೌಢಶಾಲೆಯ ಆಮ್ಲ-ಪ್ರತ್ಯಾಮ್ಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತಾಯಿ ಮಲಗುತ್ತಾಳೆ, ಮಗು ಏಕೆ ಮಲಗುವುದಿಲ್ಲ?

ಮಾಸು ಒಂದು ಗೋಡೆ, ಅದು ಮದ್ದನ್ನು ತಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಮಿದುಳಿನ ತಡೆಯನ್ನು ದಾಟಬಲ್ಲ, ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣು ಮಾಸನ್ನೂ ದಾಟುತ್ತದೆ. ಥಯೊಪೆಂಟೋನ್, ಪ್ರೊಪೊಫಾಲ್, ಕೆಟಮಿನ್ ಮೂರೂ ಅಂಥವೇ. ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಹಾಗಲ್ಲ. ಅದರ ಅಣುವಿನ ಮೇಲೆ ಶಾಶ್ವತ ಧನವಿದ್ಯುದಂಶವಿರುವುದರಿಂದ ಕೊಬ್ಬಿನ ಪೊರೆಯನ್ನು ಅದು ಸುಲಭವಾಗಿ ದಾಟಲಾರದು. ತಾಯಿ ಕೈ ಬೆರಳನ್ನೂ ಆಡಿಸಲಾರದಂತೆ ಮಲಗಿರುವಾಗ ಮಗು ಕೈಕಾಲು ಬಡಿಯುತ್ತ ಹೊರಬರುವುದಕ್ಕೆ ಇದೇ ಕಾರಣ.

ಹಾಗಾದರೆ ದಾಟಿಬಂದ ಥಯೊಪೆಂಟೋನ್ ಮಗುವನ್ನು ಮಲಗಿಸುವುದಿಲ್ಲವೇಕೆ? ತಾಯಿಗೆ ಚುಚ್ಚಿದ ಅರ್ಧ ನಿಮಿಷದಲ್ಲೇ ಅದು ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಆ ರಕ್ತದ ಒಂದು ಪಾಲು ಮೊದಲು ಮಗುವಿನ ಯಕೃತ್ತಿನ ಮೂಲಕ ಹಾಯುತ್ತದೆ. ಉಳಿದದ್ದು ಮಗುವಿನ ಕೆಳದೇಹದಿಂದ ಬರುವ, ಮದ್ದಿಲ್ಲದ ರಕ್ತದೊಡನೆ ಬೆರೆತು ತಿಳಿಯಾಗುತ್ತದೆ. ಅಷ್ಟರಲ್ಲಿ ತಾಯಿಯ ರಕ್ತದಲ್ಲೇ ಮದ್ದಿನ ಮಟ್ಟ ಇಳಿಯುತ್ತಿರುತ್ತದೆ. ಥಯೊಪೆಂಟೋನ್ ದೇಹದಿಂದ ಪೂರ್ಣವಾಗಿ ಹೊರಹೋಗಲು ಬಹಳ ಗಂಟೆಗಳೇ ಬೇಕು. ಆದರೂ ಒಂದು ಸಲ ಕೊಟ್ಟ ಮದ್ದಿನ ಅಮಲು ಐದು ಹತ್ತು ನಿಮಿಷಗಳಲ್ಲಿ ಇಳಿಯುವುದು, ಅದು ಮಿದುಳಿನಿಂದ ಸ್ನಾಯುಗಳಿಗೆ ಹರಡಿಕೊಳ್ಳುವುದರಿಂದ. ಹೀಗೆ ಹಲವು ಹಂತಗಳಲ್ಲಿ ತಿಳಿಯಾಗಿ ಮಗುವಿನ ಮಿದುಳಿಗೆ ತಲುಪುವ ಅಂಶ, ಸರಿಯಾದ ಪ್ರಮಾಣ ಕೊಟ್ಟಿದ್ದರೆ, ಕಡಿಮೆಯೇ.

ಇಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಅವಕಾಶವಿದೆ. "ಮಗುವಿಗೆ ಹೋಗುತ್ತದೆ, ಆದ್ದರಿಂದ ತಾಯಿಗೆ ಆದಷ್ಟು ಕಡಿಮೆ ಕೊಡೋಣ" ಎಂಬುದೇ ಅದು. ಇದರ ಬೆಲೆ ತೆರುವವಳು ತಾಯಿ. ಸ್ನಾಯುಗಳು ಸಡಿಲಗೊಂಡಿವೆ, ಬಾಯಿಯಲ್ಲಿ ನಳಿಕೆಯಿದೆ, ಆದರೆ ಮತ್ತು ಸಾಲದೆ ಆಕೆಗೆ ಎಲ್ಲವೂ ಕೇಳಿಸುತ್ತದೆ, ಕೆಲವೊಮ್ಮೆ ನೋವೂ ತಿಳಿಯುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಐದನೆಯ ರಾಷ್ಟ್ರೀಯ ಪರಿಶೀಲನೆಯಲ್ಲಿ, ಹೀಗೆ ಎಚ್ಚರವಿದ್ದುದಾಗಿ ವರದಿಯಾದದ್ದು ಒಟ್ಟು ಪೂರ್ಣ ಅರಿವಳಿಕೆಗಳಲ್ಲಿ ಸುಮಾರು 19,000ಕ್ಕೆ ಒಂದು. ಸಿಸೇರಿಯನ್‌ನಲ್ಲಿ ಸುಮಾರು 670ಕ್ಕೆ ಒಂದು. ಹೆರಿಗೆಯ ಬಳಿಕ ತಾಯಂದಿರನ್ನೇ ನೇರವಾಗಿ ಕೇಳಿದ 2021ರ ಇಂಗ್ಲೆಂಡಿನ ಅಧ್ಯಯನದಲ್ಲಿ ಇದು 256ಕ್ಕೆ ಒಂದು. ಕೇಳಿದರೆ ಮಾತ್ರ ಗೊತ್ತಾಗುವ ನೋವು ಇದು.

ಮೂರು ಮದ್ದು, ಮೂರು ವಾದ

ಮೊದಲನೆಯದು ರೂಢಿಯ ವಾದ. 1934ರಲ್ಲಿ ಬಳಕೆಗೆ ಬಂದ ಥಯೊಪೆಂಟೋನ್ ಹಲವು ದಶಕಗಳ ಕಾಲ ಸಿಸೇರಿಯನ್‌ನ ಪ್ರಮಾಣಭೂತ ಮದ್ದಾಗಿತ್ತು. ಪಠ್ಯಪುಸ್ತಕಗಳ ಕೋಷ್ಟಕಗಳಲ್ಲಿ ಇಂದಿಗೂ ಅದಕ್ಕೆ ಗೌರವದ ಸ್ಥಾನವಿದೆ. ಕಿ.ಗ್ರಾಂ. ತೂಕಕ್ಕೆ 4ರಿಂದ 5 ಮಿ.ಗ್ರಾಂ. ಕೊಟ್ಟರೆ ಅರ್ಧ ನಿಮಿಷದಲ್ಲಿ ನಿದ್ದೆ, ಫಿಟ್ಸನ್ನೂ ತಡೆಯುತ್ತದೆ. ಆದರೆ ಇದು ಪುಡಿಯ ರೂಪದಲ್ಲಿ ಬರುತ್ತದೆ, ಕಲಸಿಕೊಳ್ಳಬೇಕು. ದ್ರಾವಣ ಬಲವಾದ ಪ್ರತ್ಯಾಮ್ಲೀಯವಾದ್ದರಿಂದ ಆಮ್ಲೀಯ ಮದ್ದುಗಳೊಡನೆ ಅದೇ ನಳಿಕೆಯಲ್ಲಿ ಬೆರೆತರೆ ಗರಣೆ ಕಟ್ಟುತ್ತದೆ. ಕಲಸಿದ ಮೇಲೆ ನೋಡಲು ಆ್ಯಂಟಿಬಯಾಟಿಕ್ ದ್ರಾವಣದಂತೆಯೇ ಇರುವುದರಿಂದ ಸಿರಿಂಜು ಅದಲುಬದಲಾದ ಪ್ರಕರಣಗಳನ್ನು ಮೇಲೆ ಹೇಳಿದ 2014ರ ವರದಿಯೇ ದಾಖಲಿಸಿದೆ. ಅಮೆರಿಕದಲ್ಲಿ 2011ರಲ್ಲಿ ಇದರ ತಯಾರಿಕೆ ನಿಂತಿತು. ಮರಣದಂಡನೆಗೆ ಇದನ್ನು ಬಳಸುತ್ತಿದ್ದುದರ ವಿರುದ್ಧ ಯುರೋಪಿನಲ್ಲಿ ಎದ್ದ ಆಕ್ಷೇಪವೇ ಅದಕ್ಕೆ ಕಾರಣ. ಆದ್ದರಿಂದ "ಅಮೆರಿಕದವರೇ ಬಿಟ್ಟಿದ್ದಾರೆ" ಎಂಬುದನ್ನು ಮದ್ದಿನ ದೋಷಕ್ಕೆ ಸಾಕ್ಷಿಯಾಗಿ ಹೇಳುವುದು ತಪ್ಪಾಗುತ್ತದೆ.

ಎರಡನೆಯದು ಹೊಸತನದ ವಾದ. 1986ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಪ್ರೊಪೊಫಾಲ್ ಹಾಲಿನಂಥ ಬಿಳಿ ದ್ರವ. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿತಿನ್‌ನಿಂದಾದ ಎಮಲ್ಷನ್. ಕಲಸುವ ಗೋಜಿಲ್ಲ, ಬಣ್ಣದಿಂದಲೇ ಗುರುತು ಸಿಗುತ್ತದೆ, ಎಚ್ಚರವಾಗುವುದು ಹಿತವಾಗಿರುತ್ತದೆ, ಎಲ್ಲ ತಜ್ಞರಿಗೂ ಪ್ರತಿದಿನದ ಬಳಕೆಯಿಂದ ಕೈಗೆ ಒಗ್ಗಿದೆ. ಈ ಕೊನೆಯ ಗುಣವೇ ಅದರ ದೊಡ್ಡ ಬಲ. ಆದರೆ ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡ ಇಳಿಸುವುದರಲ್ಲಿ ಇದು ಮುಂದು. ರಕ್ತ ಕಳೆದುಕೊಂಡ ತಾಯಿಗೆ ಕಿ.ಗ್ರಾಂ.ಗೆ 2ರಿಂದ 2.5 ಮಿ.ಗ್ರಾಂ. ಎಂಬ ಪುಸ್ತಕದ ಪ್ರಮಾಣವನ್ನೇ ಕೊಟ್ಟರೆ ಹೃದಯವೇ ನಿಲ್ಲಬಹುದು. ಜೊತೆಗೆ, ಎಣ್ಣೆಯ ಈ ದ್ರವದಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ತೆರೆದ ಸೀಸೆಯನ್ನು ನಾಳೆಗೆಂದು ಎತ್ತಿಡುವಂತಿಲ್ಲ.

ಮೂರನೆಯದು ತಿರಸ್ಕಾರದ ವಾದ. ಕೆಟಮಿನ್ ಎಂದೊಡನೆ "ಅದು ಬಡ ದೇಶಗಳ ಮದ್ದು, ಪಶುವೈದ್ಯರ ಮದ್ದು, ಅಮಲಿನ ಮದ್ದು" ಎಂದು ಮೂಗು ಮುರಿಯುವವರಿದ್ದಾರೆ. 1962ರಲ್ಲಿ ತಯಾರಾಗಿ 1970ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮದ್ದು 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಫ್ರಿಜ್ ಬೇಡ. ನೋವನ್ನೂ ತಣಿಸುತ್ತದೆ, ಉಸಿರಾಟವನ್ನು ಬಹುಮಟ್ಟಿಗೆ ಉಳಿಸುತ್ತದೆ, ಶ್ವಾಸನಾಳಗಳನ್ನು ಹಿಗ್ಗಿಸುತ್ತದೆ, ರಕ್ತದೊತ್ತಡವನ್ನು ಎತ್ತಿ ಹಿಡಿಯುತ್ತದೆ. ಈ ಕೊನೆಯ ಗುಣವೇ ರಕ್ತದೊತ್ತಡ ಏರಿದ ತಾಯಿಯಲ್ಲಿ ದೋಷವಾಗುತ್ತದೆ. ಕಿ.ಗ್ರಾಂ.ಗೆ 1ರಿಂದ 1.5 ಮಿ.ಗ್ರಾಂ. ಮೀರಿ ಹೋದರೆ ಗರ್ಭಕೋಶ ಬಿಗಿದು ಮಗುವಿಗೂ ತೊಂದರೆ. ಮತ್ತೊಂದು ಎಚ್ಚರಿಕೆ: ಕೆಟಮಿನ್ ಉಸಿರು ನಿಲ್ಲಿಸದೆಂಬ ಧೈರ್ಯದಲ್ಲಿ, ನಳಿಕೆ ಹಾಕದೆ, ಸ್ವಲ್ಪ ಸ್ವಲ್ಪವೇ ಕೊಡುತ್ತ ಹೋಗುವುದು ಸುರಕ್ಷಿತವಲ್ಲ. ಮೆಂಡೆಲ್ಸನ್ ಕಂಡ ಅಪಾಯ ಅಲ್ಲಿಯೂ ಇದೆ.

ಪುರಾವೆಗಳನ್ನು ಓದುವ ಬಗೆ

ಈ ಮದ್ದುಗಳನ್ನು ಹೋಲಿಸಿದ ಅಧ್ಯಯನಗಳಿಗೆ ಕೊರತೆಯಿಲ್ಲ. ಅವು ಸಾಮಾನ್ಯವಾಗಿ ಅಳೆಯುವುದು ಮಗುವಿನ ಅಪ್ಗಾರ್ ಅಂಕಗಳನ್ನು. 1953ರಲ್ಲಿ ಈ ಅಂಕಗಳ ಕ್ರಮವನ್ನು ಪ್ರಕಟಿಸಿದ ವರ್ಜೀನಿಯಾ ಅಪ್ಗಾರ್ ಸ್ವತಃ ಅರಿವಳಿಕೆ ತಜ್ಞೆ. ಆದರೆ ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಂಡ, ತಿಂಗಳು ತುಂಬಿದ, ಆರೋಗ್ಯವಂತ ತಾಯಂದಿರನ್ನು ಕುರಿತವು. ಇಂದು ಅಂಥವರಿಗೆ ಬೆನ್ನಿಗೇ ಕೊಡುತ್ತಾರೆ. ಪೂರ್ಣ ಅರಿವಳಿಕೆ ನಿಜವಾಗಿ ಬೇಕಾದ, ರಕ್ತ ಸುರಿಯುತ್ತಿರುವ ಅಥವಾ ಫಿಟ್ಸ್ ಬಂದ ತಾಯಿ ಆ ಅಧ್ಯಯನಗಳಲ್ಲಿ ಸೇರಿರುವುದು ಅಪರೂಪ. ಆದ್ದರಿಂದ "ಎರಡು ಮದ್ದುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ" ಎಂಬ ತೀರ್ಮಾನವನ್ನು ಅವಳಿಗೆ ಅನ್ವಯಿಸುವಂತಿಲ್ಲ. ಮಗುವಿನ ದೃಷ್ಟಿಯಿಂದ ಮದ್ದಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಗರ್ಭಕೋಶ ಕೊಯ್ದ ಮೇಲೆ ಮಗುವನ್ನು ಹೊರತೆಗೆಯಲು ಮೂರು ನಿಮಿಷಕ್ಕಿಂತ ಹೆಚ್ಚಾದರೆ ಮಗುವಿನ ಸ್ಥಿತಿ ಕೆಡುವ ಸಂಭವ ಹೆಚ್ಚು.

ತಾಯಂದಿರ ಸಾವಿನ ಅಂಕಿಗಳನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ, ಸಿಸೇರಿಯನ್ ನಂತರದ ಸಾವುಗಳಲ್ಲಿ ಶೇ. 13.8ಕ್ಕೆ ಅರಿವಳಿಕೆ ಕಾರಣವೆಂದೂ, ಪೂರ್ಣ ಅರಿವಳಿಕೆಯಲ್ಲಿ ತಾಯಿಯ ಸಾವಿನ ಸಂಭವ ಸುಮಾರು ಮೂರು ಪಟ್ಟು ಎಂದೂ ಹೇಳಿತು. ಮೊದಲನೆಯ ಅಂಕಿ ಗಾಬರಿಪಡಬೇಕಾದದ್ದೇ. ಎರಡನೆಯದನ್ನು ಓದುವಾಗ ಮಾತ್ರ, ಪೂರ್ಣ ಅರಿವಳಿಕೆ ಪಡೆದವರು ಮೊದಲೇ ಹೆಚ್ಚು ಅಪಾಯದಲ್ಲಿದ್ದವರು ಎಂಬುದನ್ನು ಮರೆಯಬಾರದು. ಕೊಡೆ ಹಿಡಿದವರೇ ಹೆಚ್ಚು ನೆನೆದಿದ್ದರೆ ಕೊಡೆಯಿಂದಲೇ ನೆನೆದರು ಎನ್ನಲಾದೀತೇ?

ಅಮೆರಿಕದ ಅಂಕಿಗಳು ಇನ್ನೂ ಹೆಚ್ಚಿನದನ್ನು ಹೇಳುತ್ತವೆ. ಸಿಸೇರಿಯನ್‌ಗೆ ಕೊಟ್ಟ ಹತ್ತು ಲಕ್ಷ ಪೂರ್ಣ ಅರಿವಳಿಕೆಗಳಿಗೆ 1985-90ರಲ್ಲಿ ಅಂದಾಜು 32.3 ತಾಯಂದಿರು ಅರಿವಳಿಕೆಯ ಕಾರಣದಿಂದಲೇ ಸತ್ತಿದ್ದರು. 1997-2002ರಲ್ಲಿ ಅದು 6.5ಕ್ಕೆ ಇಳಿಯಿತು. ಈ ಎರಡೂ ಅವಧಿಗಳಲ್ಲಿ ಥಯೊಪೆಂಟೋನ್ ಅಲ್ಲಿ ಬಳಕೆಯಲ್ಲಿತ್ತು. ನಡುವೆ ಬಂದದ್ದು ರಕ್ತದ ಆಮ್ಲಜನಕ ತೋರಿಸುವ ಪಲ್ಸ್ ಆಕ್ಸಿಮೀಟರ್, ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ಹೊರಬರುವ ಇಂಗಾಲದ ಡೈಆಕ್ಸೈಡಿನಿಂದ ತೋರಿಸುವ ಕ್ಯಾಪ್ನೊಗ್ರಾಫ್, ಮತ್ತು ನಳಿಕೆ ಹೋಗದಿದ್ದರೆ ಮುಂದೇನು ಎಂಬುದರ ಲಿಖಿತ ಕ್ರಮ. ಬಸುರಿಯರಲ್ಲಿ ಸುಮಾರು 390ಕ್ಕೆ ಒಬ್ಬರಲ್ಲಿ ನಳಿಕೆ ಹಾಕುವ ಯತ್ನ ವಿಫಲವಾಗುತ್ತದೆ. ಈ ಗಳಿಗೆಯಲ್ಲಿ ತಾಯಿ ಉಳಿಯುವುದು ಆ ಕ್ರಮದಿಂದ, ಆ ಉಪಕರಣಗಳಿಂದ.

ಮದ್ದಿನ ಮೇಲೆ ಹೊರಿಸಿದ ಹಳೆಯ ಆಪಾದನೆಯೊಂದು ಇಲ್ಲಿ ನೆನಪಾಗುತ್ತದೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ, ಗಾಯಾಳುಗಳಿಗೆ ಥಯೊಪೆಂಟೋನ್ ಕೊಟ್ಟು ಬಾಂಬುಗಳಿಗಿಂತ ಹೆಚ್ಚು ಜನರನ್ನು ಕೊಂದರು ಎಂಬ ಕಥೆ ಬಹುಕಾಲ ಹರಿದಾಡಿತು. ದಾಖಲೆ ತೆಗೆದು ನೋಡಿದವರು ಅದು ಭಾರಿ ಉತ್ಪ್ರೇಕ್ಷೆ ಎಂದು ತೋರಿಸಿದ್ದಾರೆ. ಅದರ ಹಿಂದಿನ ತಿಳಿವಳಿಕೆ ಮಾತ್ರ ನಿಜ. ರಕ್ತ ಕಳೆದುಕೊಂಡ ದೇಹಕ್ಕೆ ಆರೋಗ್ಯವಂತರ ಪ್ರಮಾಣ ಕೊಡಬಾರದು.

ನಾಲ್ಕು ತಾಲ್ಲೂಕು, ನಾಲ್ವರು ತಾಯಂದಿರು

ಈಗ ನಮ್ಮ ಊರುಗಳಿಗೆ ಬರೋಣ. ಕೆಳಗಿನ ನಾಲ್ವರೂ ಕಲ್ಪಿತರು, ಸನ್ನಿವೇಶಗಳು ಮಾತ್ರ ಯಾವ ತಾಲ್ಲೂಕಿನಲ್ಲೂ ಎದುರಾಗಬಹುದಾದವು.

ಜಗಳೂರು ಕಡೆಯ ಹಳ್ಳಿಯ ತಾಯಿಗೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತು ರಾತ್ರಿ ರಕ್ತ ಹೋಗತೊಡಗಿದೆ. ನಾಡಿ ಓಡುತ್ತಿದೆ, ಕೈ ತಣ್ಣಗಿದೆ. ದಾವಣಗೆರೆ ನಲವತ್ತೈವತ್ತು ಕಿಲೊಮೀಟರು. ಕಾಯುವಂತಿಲ್ಲವೆಂದು ತಾಲ್ಲೂಕಿನಲ್ಲೇ ಶಸ್ತ್ರಕ್ರಿಯೆಗೆ ಮುಂದಾದರೆ ಇಲ್ಲಿ ಕೆಟಮಿನ್, ಅದೂ ಕಡಿಮೆ ಪ್ರಮಾಣದಲ್ಲಿ, ಉಳಿದೆರಡಕ್ಕಿಂತ ಮೇಲು. ಅದಕ್ಕಿಂತ ಮೊದಲು ಬೇಕಾದದ್ದು ರಕ್ತ.

ಚನ್ನಗಿರಿಯ ತಾಯಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿದೆ. ಮ್ಯಾಗ್ನೀಸಿಯಂ ಸಲ್ಫೇಟ್ ಕೊಟ್ಟಾಗಿದೆ, ಪ್ರಜ್ಞೆ ಇನ್ನೂ ಮರಳಿಲ್ಲ. ಇಲ್ಲಿ ಕೆಟಮಿನ್ ಸಲ್ಲದು. ಥಯೊಪೆಂಟೋನ್ ಅಥವಾ ಪ್ರೊಪೊಫಾಲ್ ಸರಿ. ನಳಿಕೆ ಹಾಕುವ ಗಳಿಗೆಯಲ್ಲಿ ಒತ್ತಡ ಜಿಗಿದು ಮಿದುಳಿನಲ್ಲಿ ರಕ್ತಸ್ರಾವವಾಗದಂತೆ ಮೊದಲೇ ಒತ್ತಡ ಇಳಿಸುವ ಮದ್ದು ಸಿದ್ಧವಿರಬೇಕು. ಗಂಟಲು ಊದಿರಬಹುದಾದ್ದರಿಂದ ಚಿಕ್ಕ ನಳಿಕೆಯೂ ಕೈಯಳತೆಯಲ್ಲಿರಬೇಕು.

ಹೊನ್ನಾಳಿಯ ತಾಯಿ ಆರೋಗ್ಯವಂತೆ. ಬೆನ್ನಿಗೆ ಕೊಟ್ಟ ಮದ್ದು ಒಂದೇ ಬದಿ ಹತ್ತಿದೆ. ಕೊಯ್ಯಲು ಶುರುಮಾಡಿದಾಗ ನೋವೆಂದು ಕೂಗುತ್ತಾಳೆ. ಈಕೆಗೆ ಮೂರರಲ್ಲಿ ಯಾವುದಾದರೂ ಆದೀತು. ಕೊಡುವವರಿಗೆ ಯಾವುದು ಕೈಗೆ ಒಗ್ಗಿದೆಯೋ ಅದೇ ಉತ್ತಮ. "ಇನ್ನೇನು ಮುಗೀತು, ತಡ್ಕೋಮ್ಮ" ಎಂಬುದು ಮಾತ್ರ ಅರಿವಳಿಕೆಯಲ್ಲ.

ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯ ತಾಯಿಗೆ ಬಾಲ್ಯದಲ್ಲಿ ಬಂದ ರೂಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ. ನಾಡಿ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಒತ್ತಡ ಇಳಿದರೂ ಅಪಾಯ. ಆದ್ದರಿಂದ ಕೆಟಮಿನ್ನೂ ಕಷ್ಟ, ಪ್ರೊಪೊಫಾಲೂ ಕಷ್ಟ. ಈಕೆಯ ವಿಷಯದಲ್ಲಿ ಸರಿಯಾದ ಆಯ್ಕೆ ನಡೆಯಬೇಕಾದದ್ದು ತಿಂಗಳುಗಳ ಮೊದಲು, ಬಸುರಿ ತಪಾಸಣೆಯಲ್ಲಿ. ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೆರಿಗೆಗೆ ಮುಂಚೆಯೇ ಹೋಗುವ ಏರ್ಪಾಡು ಮಾಡಿದ್ದರೆ ರಾತ್ರೋರಾತ್ರಿ ಮದ್ದು ಆರಿಸುವ ಪ್ರಸಂಗ ಬಾರದು.

ಒಬ್ಬಳಿಗೆ ಹಿತವಾದದ್ದು ಇನ್ನೊಬ್ಬಳಿಗೆ ವಿಷ. ಆದ್ದರಿಂದ "ಯಾವ ಮದ್ದು ಶ್ರೇಷ್ಠ?" ಎಂಬ ಪ್ರಶ್ನೆಗೆ, ತಾಯಿ ಯಾರು, ಅವಳ ಸ್ಥಿತಿ ಏನು, ಕೊಡುವವರು ಯಾರು ಎಂದು ಕೇಳದೆ ಉತ್ತರವಿಲ್ಲ. ಮೂರೂ ಮದ್ದುಗಳು ಕಪಾಟಿನಲ್ಲಿರಬೇಕು. ಸಕ್ಸಿನೈಲ್‌ಕೋಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕಾದ್ದರಿಂದ, ಕರೆಂಟು ಹೋದಾಗ ಫ್ರಿಜ್ ಏನಾಗುತ್ತದೆ ಎಂಬುದೂ ಅರಿವಳಿಕೆಯದೇ ಪ್ರಶ್ನೆ. ಮದ್ದಿನ ಗುಣಮಟ್ಟವೂ ಅಷ್ಟೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಅಲ್ಲಿಯೂ "ಅನಸ್ತೇಸಿಯಾ ಜಾಸ್ತಿ" ಎಂದು ಮಾತು ಮುಗಿಸಿದ್ದರೆ ಆ ದ್ರಾವಣದ ಕಡೆ ಯಾರೂ ನೋಡುತ್ತಿರಲಿಲ್ಲ.

ಇನ್ನು ಕೊಡುವವರ ಪ್ರಶ್ನೆ. ಅರಿವಳಿಕೆ ತಜ್ಞರು ಸಾಲದ ಕಡೆಗಳಿಗಾಗಿ, 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲದ 18 ವಾರಗಳ ತರಬೇತಿ ರೂಪುಗೊಂಡಿತು. ಯೋಜನೆ ಸರಿಯಾದದ್ದೇ. ಆದರೆ ಬೆನ್ನಿನ ಅರಿವಳಿಕೆಯೇ ಹೆಚ್ಚಾದಂತೆ ಪೂರ್ಣ ಅರಿವಳಿಕೆಯ ಅಭ್ಯಾಸ ತಜ್ಞರಿಗೂ ಕಡಿಮೆಯಾಗುತ್ತಿದೆ. ತಾಲ್ಲೂಕಿನಲ್ಲಿ ಒಬ್ಬರೇ ಇರುವ ತರಬೇತಿ ಪಡೆದ ವೈದ್ಯರಿಗೆ ಅದು ವರ್ಷಕ್ಕೆ ಎಷ್ಟು ಸಲ ಒದಗೀತು? ಆಗಾಗ ದೊಡ್ಡ ಆಸ್ಪತ್ರೆಗೆ ಕರೆಸಿ ಕೈ ಪಳಗಿಸದಿದ್ದರೆ ಒಮ್ಮೆ ಕಲಿತದ್ದು ಉಳಿಯುವುದಿಲ್ಲ.

ತರಗತಿಗೆ ಒಂದು ಲೆಕ್ಕ

ಕೊನೆಯಲ್ಲಿ ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ. ಕೆಟಮಿನ್ ಮಿ.ಲೀ.ಗೆ 10 ಮಿ.ಗ್ರಾಂ. ಮತ್ತು 50 ಮಿ.ಗ್ರಾಂ. ಎಂಬ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. 60 ಕಿ.ಗ್ರಾಂ. ತೂಕದ ತಾಯಿಗೆ ಕಿ.ಗ್ರಾಂ.ಗೆ 1 ಮಿ.ಗ್ರಾಂ.ನಂತೆ ಎಷ್ಟು ಮಿ.ಲೀ. ಬೇಕು? ಮೊದಲನೆಯದರಲ್ಲಿ 6 ಮಿ.ಲೀ., ಎರಡನೆಯದರಲ್ಲಿ 1.2 ಮಿ.ಲೀ. ಸೀಸೆಯ ಮೇಲಿನ ಚೀಟಿ ಓದದೆ 6 ಮಿ.ಲೀ. ಎಳೆದುಕೊಂಡರೆ ಹೋಗುವುದು 300 ಮಿ.ಗ್ರಾಂ., ಐದು ಪಟ್ಟು. ಥಯೊಪೆಂಟೋನ್‌ನ 500 ಮಿ.ಗ್ರಾಂ. ಪುಡಿಯನ್ನು 20 ಮಿ.ಲೀ. ನೀರಿಗೆ ಬದಲು 10 ಮಿ.ಲೀ.ನಲ್ಲಿ ಕಲಸಿದರೆ ಪ್ರತಿ ಮಿ.ಲೀ.ಯಲ್ಲಿ ಎರಡು ಪಟ್ಟು ಮದ್ದು. ಏಳನೆಯ ತರಗತಿಯ ಗಣಿತದಿಂದ ಬಿಡಿಸಬಹುದಾದ ಲೆಕ್ಕಗಳಿವು. ಮುಂದೆ ನರ್ಸಿಂಗ್‌ಗೋ ವೈದ್ಯಕೀಯಕ್ಕೋ ಹೋಗುವ ಮಕ್ಕಳು ಇವನ್ನು ಇಂದೇ ಒಮ್ಮೆ ಮಾಡಲಿ. ಮುಂದೆ ಎಂದಾದರೂ "ಅನಸ್ತೇಸಿಯಾ ಜಾಸ್ತಿ ಆಯ್ತಂತೆ" ಎಂಬ ಮಾತು ಕಿವಿಗೆ ಬಿದ್ದಾಗ, ಎಲ್ಲ ಮಕ್ಕಳೂ "ಯಾವ ಮದ್ದು, ಎಷ್ಟು, ಯಾವ ಸ್ಥಿತಿಯಲ್ಲಿದ್ದ ತಾಯಿಗೆ?" ಎಂದು ಕೇಳುವಂತಾದರೆ ನಮ್ಮ ವಿಜ್ಞಾನ ಪಾಠ ಸಾರ್ಥಕವಾದಂತೆ.